ಬಂಡೆಯವರೆಗಿನ ನೀರು

ಕ್ಯಾಲಿಫೋರ್ನಿಯಾದ ಹೇವರ್ಡ್‌ನ ನಮ್ಮ ಮನೆಯ ಮುಂದೆ, ಸ್ವೆಟರು ತೆಗೆದಿಡೋಣ ಅನ್ನಿಸುವಂಥ ಡಿಸೆಂಬರಿನ ಬಿಸಿಲಿನಲ್ಲಿ, ನಾನು ಕಾರಿನ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಹಾಕುವ ಚೈನು ಕಟ್ಟುವುದನ್ನು ಅಭ್ಯಾಸ ಮಾಡುತ್ತೇನೆ. ಪ್ರತಿ ವರ್ಷ. ಡ್ರೈವ್‌ವೇ ಮೇಲೆ ಹಳೆಯ ಜಮಖಾನ ಹಾಸಿ, ಕೈಗೆ ಗ್ಲೌಸು ಹಾಕಿಕೊಂಡು, ಪಕ್ಕದಲ್ಲಿ ಫೋನಿನ ಸ್ಟಾಪ್‌ವಾಚು ಇಟ್ಟುಕೊಂಡು. ಎದುರು ಮನೆಯ ಮುದುಕ ನಾಯಿಯನ್ನು ಕರೆದುಕೊಂಡು ಹೋಗುವಾಗ ಒಮ್ಮೆ ಆಕಾಶವನ್ನು ನೋಡುತ್ತಾನೆ, ಒಮ್ಮೆ ನನ್ನನ್ನು. ಮೊದಲ ವರ್ಷ ಹೀಗೆ ಹತ್ತು ಸಲ ಅಭ್ಯಾಸ ಮಾಡಿ ಬೆಟ್ಟ ಹತ್ತಿ, ಹಿಮ ಬೀಳುವ ರಸ್ತೆಯ ಪಕ್ಕ ಮಂಡಿಯೂರಿ, ನನ್ನ ದಾಖಲೆಯ ವೇಗದಲ್ಲಿ ಚೈನು ಕಟ್ಟಿದೆ. ಹಿಂದಿನ ಚಕ್ರಗಳಿಗೆ. ನಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೂ ಇಂಥದ್ದೇ. ಇಲ್ಲಿನ ಗೋದಾಮುಗಳಲ್ಲಿ ಯಾವ ಪೆಟ್ಟಿಗೆ ಯಾರ ತಲೆಯ ಮೇಲೆ ಬೀಳಬಹುದು, ಫೋರ್ಕ್‌ಲಿಫ್ಟು ಎಲ್ಲಿ ತಿರುಗಿದರೆ ಯಾರ ಕಾಲು ಹೋಗಬಹುದು ಎಂದು ಮೊದಲೇ ಊಹಿಸಿ ನೆಲದ ಮೇಲೆ ಹಳದಿ ಗೆರೆ ಎಳೆಸುವುದು. ಆಫೀಸಿನಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಬೈಸಿಕೊಳ್ಳುತ್ತೇನೆ.

ನಾವು ಹೋಗುವುದು ತಾಹೋ ಸರೋವರದ ದಡದ ಒಂದು ಸಣ್ಣ ಊರಿಗೆ. ನಮ್ಮಲ್ಲಿಂದ ನಾಲ್ಕು ಗಂಟೆಯ ದಾರಿ. ನಾನು ಓಡಿಸಿದರೆ ಐದು. ಚಳಿಗಾಲದಲ್ಲಿ ಆ ಊರಿನ ತುಂಬ ಹಿಮದ ಮೇಲೆ ಜಾರುವವರು, ಬೇಸಿಗೆಯಲ್ಲಿ ನೀರಿಗೆ ಬೀಳುವವರು. ನಡುವಿನ ತಿಂಗಳುಗಳಲ್ಲಿ ಅಂಗಡಿಯವರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಮಗಳು ಚಿಕ್ಕವಳಿದ್ದಾಗ ನಮ್ಮ ಚಳಿಗಾಲದ ಆಟವೆಲ್ಲ ಸೇರಿ ಇಪ್ಪತ್ತು ನಿಮಿಷದ್ದು. ಪ್ಲಾಸ್ಟಿಕ್ ತಟ್ಟೆಯಂಥ ಸ್ಲೆಡ್ಡಿನ ಮೇಲೆ ಕೂತು ಮೂರು ಸಲ ಜಾರುವುದು, ಒಂದು ಗ್ಲೌಸು ಕಳೆದುಕೊಳ್ಳುವುದು, ಆಮೇಲೆ ಕಾರಿಗೆ ಓಡಿ ಬಂದು ಹೀಟರು ಹಾಕಿ, ಗಾಜೆಲ್ಲ ಮಂಜಾಗುವ ಹಾಗೆ ಪುಳಿಯೋಗರೆ ತಿನ್ನುವುದು. ಆ ಪುಳಿಯೋಗರೆ ತಿನ್ನುವುದಕ್ಕೇ ಅಷ್ಟು ದೂರ ಹೋಗುತ್ತಿದ್ದೆವೇನೋ ಎಂದು ಈಗ ಅನ್ನಿಸುತ್ತದೆ.

ಮಗಳು ಕಾಲೇಜಿಗೆ ಹೋದ ಮೇಲಿನ ಮೊದಲ ಚಳಿಗಾಲ ನಾನು, ನನ್ನ ಹೆಂಡತಿ ಇಬ್ಬರೇ ಹೋದೆವು. ಸ್ಲೆಡ್ಡು ಕಾರಿನಿಂದ ಇಳಿಯಲೇ ಇಲ್ಲ. ನೀರಿನ ಅಂಚಿಗೆ ನಡೆದೆವು. ಆ ಸರೋವರ ಹೆಪ್ಪುಗಟ್ಟುವುದಿಲ್ಲ; ಸುತ್ತ ಎಲ್ಲ ಬಿಳಿಯಾಗಿದ್ದರೂ ಅದೊಂದು ಮಾತ್ರ ಕಡುನೀಲಿಯಾಗಿ ಬಿದ್ದಿರುತ್ತದೆ. ದಡದಿಂದ ದೂರದಲ್ಲಿ ನೀರಿನ ನಡುವೆ ಒಂದು ದುಂಡು ಬಂಡೆ, ತಲೆಯ ಮೇಲೆ ಹಿಮದ ಟೋಪಿ.

"ಆ ಬಂಡೆ ನೋಡ್ರೀ," ಅಂದಳು.

"ಚೆನ್ನಾಗಿದೆ. ನೀನು ಆ ಕಲ್ಲಿಂದ ಈಚೆ ಬಾ, ಜಾರತ್ತೆ."

"ಬೇಸಿಗೇಲಿ ಅಲ್ಲೀತನಕ ಈಜ್ತೀನಿ."

"ಯಾರು?"

"ಇನ್ಯಾರು? ನಾನು. ಬಂಡೆ ಈಜತ್ತಾ?"

"ಎಷ್ಟು ದೂರ ಇದೆ ಗೊತ್ತೇನೇ ಅದು?"

"ಪೂಲಿನಲ್ಲಿ ಹತ್ತು ಸಲ ಹೋಗಿ ಬಂದಷ್ಟು. ವಾರಕ್ಕೆ ಮೂರು ದಿನ ಅದಕ್ಕಿಂತ ಜಾಸ್ತೀನೇ ಈಜ್ತೀನಿ."

"ಪೂಲಿಗೆ ತಳ ಇದೆ ಕಣೇ."

"ಇದಕ್ಕೂ ಇದೆ."

ಇದ್ದೇ ಇರುತ್ತದೆ. ಅದು ಎಲ್ಲಿದೆ ಎನ್ನುವುದೇ ನನ್ನ ಚಿಂತೆಯಾಗಿತ್ತು.

ಅವಳು ಈಜು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ನಮ್ಮ ಹತ್ತಿರದ ಸರಟೋಗಾದಲ್ಲಿರುವ, ಮಂಗಳೂರಿನ ಡಾಕ್ಟರೊಬ್ಬರು ಅವಳ ಗೆಳತಿ. ಕಡಲ ಪಕ್ಕ ಬೆಳೆದವರು, ನಮಗೆ ಜಗಲಿ ಹೇಗೋ ಅವರಿಗೆ ನೀರು ಹಾಗೆ. ಅವರೇ ಇವಳನ್ನು ಎಳೆದುಕೊಂಡು ಹೋಗಿ ಪೂಲಿಗೆ ಇಳಿಸಿದರು. ನನ್ನ ಹೆಂಡತಿ ಮೈಸೂರಿನವಳು. ರಜೆಯಲ್ಲಿ ಮನೆಮಂದಿಯೆಲ್ಲ ಹೊಳೆಗೆ ಹೋದರೆ ಅಣ್ಣಂದಿರು, ಅಣ್ಣಂದಿರ ಗೆಳೆಯರು ನೀರಿಗೆ ಧುಮುಕುವರು. ಇವಳಿಗೆ ಮೆಟ್ಟಿಲ ಮೇಲೆ ಕೂತು ಎಲ್ಲರ ಚಪ್ಪಲಿ, ವಾಚು, ಕನ್ನಡಕ ಕಾಯುವ ಕೆಲಸ. ಒಂದು ಸಲ ನಾಯಿಯೊಂದು ದೊಡ್ಡಣ್ಣನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಓಡಿತಂತೆ. ನೀರಿಗೂ ಇಳಿಯದೆ, ಆಟವನ್ನೂ ಆಡದೆ, ಅವತ್ತು ಬೈಸಿಕೊಂಡವಳು ಇವಳೊಬ್ಬಳೇ. ಈ ಕಥೆಯನ್ನು ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳಿದ್ದಳು. ಆ ದಿನ ಬಂಡೆ ನೋಡುತ್ತಾ ಇನ್ನೊಮ್ಮೆ ಹೇಳಿದಳು. ನಗಲಿಲ್ಲ.

ಅವಳ ಈಜಿನ ಗುಂಪಿನಲ್ಲಿ ಒಂದು ನಿಯಮವಿದೆ: ತೆರೆದ ನೀರಿನಲ್ಲಿ ಯಾರೂ ಒಬ್ಬರೇ ಹೋಗುವಂತಿಲ್ಲ, ಪಕ್ಕದಲ್ಲಿ ಯಾರಾದರೂ ಸಣ್ಣ ದೋಣಿ, ಅಂದರೆ ಕಯಾಕು, ನಡೆಸಿಕೊಂಡು ಬರಬೇಕು. ದೂರದಿಂದ ಕಾಣುವ ಹಾಗೆ, ದಣಿದರೆ ಹಿಡಿದುಕೊಳ್ಳುವುದಕ್ಕೂ ಆಗುವ ಹಾಗೆ. ಡಾಕ್ಟರು ತಾವು ಬರುತ್ತೇನೆ ಅಂದರು. ನನ್ನ ಹೆಂಡತಿ ಬೇಡ ಅಂದಳು.

"ಇವರೇ ಬರ್ಲಿ. ದಡದಲ್ಲಿ ಬಿಟ್ಟು ಹೋದ್ರೆ ಫೈರ್ ಇಂಜಿನ್ ಕರೆಸ್ತಾರೆ."

"ಇವರಿಗೆ ಈಜು ಬರುದಿಲ್ಲ ಅಲ್ವಾ ಮಾರಾಯ್ತಿ?"

"ಲೈಫ್ ಜಾಕೆಟ್ ಇರತ್ತಲ್ಲ."

ಹೀಗೆ, ಸ್ನಾನಕ್ಕೂ ಬಕೆಟ್ಟೇ ವಾಸಿ ಎನ್ನುವ ನಾನು, ನನ್ನ ಹೆಂಡತಿಯ ರಕ್ಷಣಾ ನೌಕೆಯ ಕ್ಯಾಪ್ಟನ್ನಾದೆ.

ಏಪ್ರಿಲಿನಲ್ಲಿ ತಯಾರಿಗೆಂದು ಮತ್ತೆ ಹೋದೆವು. ಆ ಊರಿನ ವಸಂತವನ್ನು ಯಾರೂ ಫೋಟೋದಲ್ಲಿ ಹಾಕುವುದಿಲ್ಲ. ರಸ್ತೆಯ ಬದಿಗೆ ಕಪ್ಪಾದ ಹಿಮದ ಗುಡ್ಡೆಗಳು, ಕಾಲುದಾರಿಯಲ್ಲಿ ಮೊಣಕಾಲವರೆಗೆ ಕೆಸರು, ಎಲ್ಲೆಲ್ಲೂ ಕಣ್ಣಿಗೆ ಕಾಣದ ನೀರು ಹರಿಯುವ ಸದ್ದು. ನೀರಿನ ತಂಪು ಎಷ್ಟಿದೆ ನೋಡಿ ಲೆಕ್ಕ ಇಡೋಣ ಎಂದು ನಾನು ಮನೆಯಿಂದ ಥರ್ಮಾಮೀಟರು ತಂದಿದ್ದೆ. ಬಂಡೆಯೊಂದರ ಮೇಲೆ ಬೋರಲಾಗಿ ಮಲಗಿ ಅದನ್ನು ನೀರಿನಲ್ಲಿ ಅದ್ದಿ ಹಿಡಿದೆ. ಅದು ಜ್ವರ ನೋಡುವ ಥರ್ಮಾಮೀಟರು. ಎರಡು ಇಂಗ್ಲಿಷ್ ಅಕ್ಷರ ತೋರಿಸಿ ಸುಮ್ಮನಾಯಿತು: 'ಲೋ'. ತುಂಬ ಕಮ್ಮಿ ಎಂದು ಅರ್ಥ. ನಾನು ಅದನ್ನು ಒರೆಸಿ ಅವಳಿಗೆ ತೋರಿಸಿ, "ನೋಡು, ಇದರ ಪ್ರಕಾರ ಈ ಸರೋವರ ಬದುಕಿಯೇ ಇಲ್ಲ," ಅಂದೆ.

"ಹೆಣ ಹೊರೋಕೆ ನಾಲ್ಕು ಜನ ಬೇಕು, ಹೋಗಿ ಕರ್ಕೊಂಡ್ ಬನ್ನಿ," ಅಂದು, ಶೂಸು ಕಳಚಿ, ಮೊಣಕಾಲವರೆಗೆ ಇಳಿದು ನಿಂತಳು. ಹಲ್ಲು ಕಟಕಟ ಅನ್ನುವವರೆಗೆ ನಿಂತಳು. ನಾನು ಅವಳ ಶೂಸು ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ. ಅವಳು ತಿರುಗಿ ನೋಡಿ, ನನ್ನ ಕೈಯಲ್ಲಿದ್ದ ಶೂಸನ್ನೇ ಒಂದು ಗಳಿಗೆ ನೋಡಿದಳು. ಯಾಕೆಂದು ನನಗೆ ಆಮೇಲೆ ಹೊಳೆಯಿತು.

ದೋಣಿ ನಡೆಸುವುದನ್ನು ನಾನು ನಮ್ಮ ಮನೆ ಹತ್ತಿರದ ಕೊಲ್ಲಿಯ ಅಂಚಿನ ಒಂದು ಕೊಳದಲ್ಲಿ ಕಲಿತೆ. ಅಲ್ಲಿನ ನೀರು ಸೊಂಟಕ್ಕಿಂತ ಮೇಲೆ ಬರುವುದಿಲ್ಲ. ಐದು ಶನಿವಾರ ಹೋದೆ. ನನ್ನ ಜೊತೆ ಕಲಿಯುತ್ತಿದ್ದವರು ಒಂಬತ್ತು ವರ್ಷದ ಮಕ್ಕಳು. ಅವರು ಬೇಕೆಂದೇ ಬೋಟು ಮಗುಚಿಕೊಂಡು ಕೇಕೆ ಹಾಕುವರು. ನಾನು ಎರಡೂ ಕೈಯಲ್ಲಿ ಹುಟ್ಟನ್ನು ಗಟ್ಟಿಯಾಗಿ ಹಿಡಿದು, ಬಾತುಕೋಳಿಗಳಿಗೆ ದಾರಿ ಬಿಡುತ್ತಾ, ಕೊಳವನ್ನು ಪ್ರದಕ್ಷಿಣೆ ಹಾಕುವೆ. ಮಗಳಿಗೆ ಫೋನಿನಲ್ಲಿ ನನ್ನ ಚಿಂತೆಗಳನ್ನೆಲ್ಲ ಓದಿ ಹೇಳಿದೆ: ಗಾಳಿ, ತಂಪು, ಮೋಟರ್ ಬೋಟುಗಳು, ಅಮ್ಮನ ಕಾಲಿನ ಸೆಡೆತ. ಪೂರ್ತಿ ಕೇಳಿಸಿಕೊಂಡು, "ಅಪ್ಪಾ, ಯು ನೋ ಯು ಆರ್ ನಾಟ್ ದಿ ಒನ್ ಸ್ವಿಮ್ಮಿಂಗ್, ರೈಟ್?" ಅಂದಳು.

ಜುಲೈನ ಒಂದು ಶನಿವಾರ ಬೆಳಿಗ್ಗೆ ಹೋಗುವುದೆಂದು ನಿಶ್ಚಯವಾಯಿತು. ಡಾಕ್ಟರು ಟವೆಲು, ಬೈನಾಕ್ಯುಲರು ಹಿಡಿದು ದಡದಲ್ಲಿ ನಿಂತರು. ನನ್ನ ಹೆಂಡತಿ ಚಳಿ ತಡೆಯುವ ಕಪ್ಪು ವೆಟ್‌ಸೂಟು, ಕಿತ್ತಳೆ ಬಣ್ಣದ ಟೋಪಿ, ಈಜುಗನ್ನಡಕ ಹಾಕಿಕೊಂಡು ನೀರಿಗಿಳಿದು, ಮುಖಕ್ಕೆ ಒಮ್ಮೆ ನೀರು ಎರಚಿಕೊಂಡು, ಹೊರಟೇ ಬಿಟ್ಟಳು. ನಾನು ಅವಳ ಎಡಗಡೆ ಕಯಾಕಿನಲ್ಲಿ. ನನ್ನ ಕಾಲ ಹತ್ತಿರ ಒಂದು ಚೀಲ: ಎರಡು ಟವೆಲು, ಸೀಟಿ, ಬ್ಯಾಂಡೇಜು, ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ, ಅವಳ ಚಪ್ಪಲಿ.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ಅವಳು ಈಜುವುದನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವವಳು ಇವಳೇನಾ ಎನ್ನಿಸುವಂತೆ, ಸದ್ದೇ ಇಲ್ಲದೆ ಹೋಗುತ್ತಿದ್ದಳು. ಅರ್ಧ ದಾಟಿದ ಮೇಲೆ ಗಾಳಿ ಎದ್ದಿತು. ನೀರಿನ ಮೇಲೆ ಸಣ್ಣ ಅಲೆಗಳು ಬಂದವು. ಬಂಡೆ ಹತ್ತಿರವಾಗುತ್ತಿದ್ದಂತೆ ನಾನು ಗಮನಿಸಿದೆ: ಅವಳು ಮತ್ತೆ ಮತ್ತೆ ತಲೆಯನ್ನು ಬೇಕಾದದ್ದಕ್ಕಿಂತ ಮೇಲೆ ಎತ್ತುತ್ತಿದ್ದಾಳೆ. ಒಂದು ಸಲ, ಇನ್ನೊಂದು ಸಲ, ಬಾಯಿ ತೆರೆದು. ಉಸಿರು ಸಾಲುತ್ತಿಲ್ಲ ಅಂದುಕೊಂಡೆ. ದಣಿದಿದ್ದಾಳೆ, ಹಟಕ್ಕೆ ಹೇಳುತ್ತಿಲ್ಲ ಅಂದುಕೊಂಡೆ. ಹಟ ಅವಳಿಗಿದೆ, ಅದು ನನ್ನ ಊಹೆಯಲ್ಲ.

"ಏನೇ! ಸಾಕು ಕಣೇ! ಬಾ!" ಎಂದು ಕೂಗಿದೆ. ಕೇಳಿಸಲಿಲ್ಲ. ಹುಟ್ಟನ್ನು ತೊಡೆಯ ಮೇಲಿಟ್ಟು, ಎರಡೂ ಕೈ ತಲೆಯ ಮೇಲೆತ್ತಿ, ಅಂಗೈ ಕೆಳಗೆ ಮಾಡಿ ಬೀಸಿದೆ. ನಮ್ಮೂರಲ್ಲಿ ಯಾರನ್ನಾದರೂ ಹತ್ತಿರ ಕರೆಯುವಾಗ ಬೀಸುತ್ತೇವಲ್ಲ, ಹಾಗೆ. ಎರಡು ಕೈಯಲ್ಲಿ, ದೊಡ್ಡದಾಗಿ, ಬಾ ಬಾ ಬಾ. ಅಮೆರಿಕದ ನೀರಿನಲ್ಲಿ ಯಾರಾದರೂ ಹಾಗೆ ಬೀಸಿದರೆ ಅದಕ್ಕೆ ಒಂದೇ ಅರ್ಥ: ನಾನು ಮುಳುಗುತ್ತಿದ್ದೇನೆ, ಕಾಪಾಡಿ. ಇದು ನನಗೆ ಗೊತ್ತಿರಲಿಲ್ಲ. ಹುಟ್ಟು ತೊಡೆಯಿಂದ ಜಾರಿ ನೀರಿಗೆ ಬಿದ್ದು, ನಿಧಾನವಾಗಿ ತನ್ನ ಪಾಡಿಗೆ ತಾನು ಹೊರಟುಹೋಯಿತು. ಇನ್ನೂ ಜೋರಾಗಿ ಕೈ ಬೀಸಿದೆ. ಈಗ ಅದರಲ್ಲಿ ಸ್ವಲ್ಪ ನಿಜವೂ ಇತ್ತು.

ಅವಳು ನಿಂತಳು. ಬಂಡೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ತಿರುಗಿ ನನ್ನ ಕಡೆ ಈಜಿ ಬಂದಳು. ಅವಳು ಬಂದು ಬೋಟಿನ ಅಂಚು ಹಿಡಿಯುವುದಕ್ಕೂ ಬೀಚಿನ ಕಾವಲಿನವರ ಮೋಟರ್ ಬೋಟು ಭರ್ರನೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅದರಲ್ಲಿದ್ದ ಹುಡುಗಿ ಕಿವುಡರೊಡನೆ ಮಾತಾಡುವ ಹಾಗೆ ನಿಧಾನವಾಗಿ, "ಸರ್, ಯು ಆರ್ ಸೇಫ್ ನೌ," ಅಂದಳು. ನನ್ನನ್ನು ಹತ್ತಿಸಿಕೊಂಡರು. ನನ್ನ ಹೆಂಡತಿ ತಾನು ಈಜಿಕೊಂಡೇ ಹೋಗುತ್ತೇನೆ ಅಂದಳು, ಬಿಡಲಿಲ್ಲ. ಇಬ್ಬರ ಹೆಗಲಿಗೂ ಬೆಳ್ಳಿ ಕಾಗದದಂಥ ಹೊದಿಕೆ ಹೊದೆಸಿದರು. ದಡದಲ್ಲಿ ಜನ ನಿಂತು ಚಪ್ಪಾಳೆ ತಟ್ಟಿದರು. ಡಾಕ್ಟರು ಮಾತ್ರ ಬೈನಾಕ್ಯುಲರು ಇಳಿಸಿ, "ಎಂತ ಮಾಡಿದ್ರಿ ಮಾರಾಯ್ರೆ ನೀವು," ಅಂದರು.

ವಾಪಸು ಬರುವಾಗ ಬೆಟ್ಟ ಇಳಿಯುವವರೆಗೆ ಅವಳು ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಕಣಿವೆಯ ಧಗೆಗೆ ಬಂದ ಮೇಲೆ ಮೊಸರನ್ನದ ಡಬ್ಬಿ ತೆಗೆದು ಒಬ್ಬಳೇ ತಿಂದಳು. ಫ್ರೀವೇ ಮೇಲೆ ನಾನು ನಿಧಾನಕ್ಕೆ ಹೋಗುವವರ ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ ಹೋಗುತ್ತಿದ್ದೆ. "ನಿನಗೆ ಉಸಿರು ಸಾಲ್ತಾ ಇರ್ಲಿಲ್ಲ, ನಾನು ನೋಡಿದೆ," ಅಂದೆ.

"ಸಾಲ್ತಾ ಇತ್ತು."

"ತಲೆ ಎತ್ತಿ ಎತ್ತಿ..."

"ಬಂಡೆ ಮೇಲಿರೋ ಪಾಚಿ ಕಾಣಿಸ್ತಾ ಇತ್ತು ನನಗೆ. ಅಷ್ಟು ಹತ್ತಿರ ಇದ್ದೆ." ಡಬ್ಬಿಯ ಮುಚ್ಚಳ ಹಾಕಿ, ಒತ್ತಿ, ಮತ್ತೊಮ್ಮೆ ಒತ್ತಿದಳು. "ಹೋಗ್ಲಿ ಬಿಡಿ. ಮತ್ತೆ ಮೆಟ್ಟಿಲ ಮೇಲೆ ತಂದು ಕೂರಿಸಿದ್ರಿ."

ಅದಾಗಿ ಒಂದು ವಾರಕ್ಕೆ, ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ, ಈ ಸಲ ಡಾಕ್ಟರು ಪಕ್ಕದಲ್ಲಿ ಬರುತ್ತಾರೆ ಎಂದು ಹೇಳಿದಳು. ಮುಚ್ಚಿಡುವುದೇಕೆ, ಮೊದಲು ನನಗೆ ಅನ್ನಿಸಿದ್ದು ನಿರಾಳ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ಗೋದಾಮಿನಲ್ಲಿ ಹಳದಿ ಗೆರೆಯೊಂದರ ಪಕ್ಕ ನಿಂತಿದ್ದಾಗ ಆ ನಿರಾಳ ಹುಳಿಯಾಯಿತು. ನಾನು ಗೆರೆ ಎಳೆದ ಮೇಲೆ ಯಾರಿಗೂ ಪೆಟ್ಟಾಗಿಲ್ಲ, ನಿಜ. ಆದರೆ ಮನೆಯಲ್ಲಿ ಎಳೆದ ಗೆರೆಗಳ ಒಳಗೆ ಅವಳು ಇಪ್ಪತ್ತೈದು ವರ್ಷ ಏನೇನು ಕಾಯುತ್ತಾ ಕೂತಿದ್ದಳೋ, ನಾನು ಒಂದು ಸಲವೂ ಕೇಳಿರಲಿಲ್ಲ. ಅಪಾಯ ಬರಬಹುದು ಎಂದು ನಾನು ಬೇಡವೆಂದದ್ದು ಎಷ್ಟೋ. ಅದರಲ್ಲಿ ಯಾವುದೂ ಬರಲಿಲ್ಲ. ಅದು ನನ್ನ ಎಚ್ಚರಿಕೆಯಿಂದಲೇ ಬರಲಿಲ್ಲ ಎಂದು ನಂಬಿಕೊಂಡು ಇಷ್ಟು ದಿನ ಬೀಗಿದ್ದೆ.

ಸಂಜೆ ಅವಳು ಸೊಪ್ಪು ಬಿಡಿಸುತ್ತಿದ್ದಾಗ ಎದುರು ಕೂತು ನಾನೂ ಬಿಡಿಸತೊಡಗಿದೆ. ಕಡ್ಡಿಯನ್ನು ಸೊಪ್ಪಿನ ಕಡೆ ಹಾಕುತ್ತಿದ್ದೆನಂತೆ.

"ಇನ್ನೊಂದು ಸಲ ನಾನೇ ಬರ್ಲಾ?" ಅಂದೆ.

"ಎಲ್ಲಿಗೆ?"

"ಗೊತ್ತಿದ್ದೂ ಕೇಳ್ಬೇಡ."

ಕಡ್ಡಿಗಳನ್ನು ಆರಿಸಿ ಆಚೆ ಹಾಕಿದಳು. "ಬಾಯಿ ಬಿಡಬಾರದು. ಕೈ ಎತ್ತಬಾರದು. ನಾನು ಕರೆದ್ರೆ ಮಾತ್ರ ಹತ್ತಿರ ಬರಬೇಕು. ಆಗತ್ತಾ?"

"ಆಗತ್ತೆ."

"ಆಗಲ್ಲ. ಆದ್ರೂ ಬನ್ನಿ," ಅಂದಳು.

ಸೆಪ್ಟೆಂಬರಿನ ಕೊನೆಗೆ ಆ ಊರು ಬೇರೆಯೇ ಆಗಿರುತ್ತದೆ. ಬೇಸಿಗೆಯ ಜನ ಖಾಲಿ, ಹಿಮದ ಜನ ಇನ್ನೂ ಬಂದಿಲ್ಲ. ಬೆಟ್ಟದ ಮಡಿಲಿನ ಆಸ್ಪೆನ್ ಮರಗಳು ಅರಿಶಿನ ಬಳಿದುಕೊಂಡು ನಿಂತಿರುತ್ತವೆ; ಗಾಳಿ ಬಂದರೆ ಎಲೆಗಳೆಲ್ಲ ಒಟ್ಟಿಗೆ ನಡುಗುತ್ತವೆ. ಅವು ನನ್ನ ಜಾತಿಯ ಮರಗಳು. ಬೇಸಿಗೆಯೆಲ್ಲ ಬಿಸಿಲು ಕುಡಿದ ನೀರು ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ. ಥರ್ಮಾಮೀಟರನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಚೀಲವನ್ನೂ. ಹುಟ್ಟನ್ನು ಹಗ್ಗದಿಂದ ಬೋಟಿಗೆ ಕಟ್ಟಿದೆ. ಕಷಾಯವನ್ನು ಮಾತ್ರ ಬಿಡಲು ಮನಸ್ಸಾಗದೆ, ಸಣ್ಣ ಫ್ಲಾಸ್ಕನ್ನು ಲೈಫ್ ಜಾಕೆಟ್ಟಿನ ಒಳಗೆ, ಹೊಟ್ಟೆಗೆ ಒತ್ತಿ ತುರುಕಿಕೊಂಡೆ. ಡಾಕ್ಟರು ನನ್ನ ಅಂಗೈಗೆ ಒಂದು ಲವಂಗ ಹಾಕಿದರು. "ಇದನ್ನು ಹಲ್ಲಿನ ನಡುವೆ ಇಟ್ಕೊಳ್ಳಿ. ಬಾಯಿ ತೆರೆದ್ರೆ ಬೀಳ್ತದೆ. ಬಿದ್ರೆ ನನಗೆ ಗೊತ್ತಾಗ್ತದೆ."

ಲವಂಗ ಕಚ್ಚಿಕೊಂಡು ಹೊರಟೆ. ಅವಳು ಒಂದೊಂದು ಕೈ ಹಾಕುವುದನ್ನೂ ಎಣಿಸಿದೆ. ನೂರಕ್ಕೆ ಒಮ್ಮೆ ಮತ್ತೆ ಒಂದರಿಂದ ಶುರು. ಅರ್ಧ ದಾಟಿದ ಮೇಲೆ, ಅದೇ ಜಾಗದಲ್ಲಿ, ಅದೇ ಗಾಳಿ ಎದ್ದಿತು. ಅವಳು ಅದೇ ಥರ ತಲೆ ಎತ್ತಿದಳು. ಮೂರು ಕೈಗೊಮ್ಮೆ, ಬಾಯಿ ತೆರೆದು, ಬೇಕಾದದ್ದಕ್ಕಿಂತ ಮೇಲೆ. ನನ್ನ ಎದೆ ಬಾಯಿಗೆ ಬಂತು; ಅಲ್ಲಿ ಲವಂಗ ಇತ್ತು. ಅದನ್ನು ಅಗಿದೆ. ನಾಲಗೆ ಮರಗಟ್ಟಿತು. ಈ ಸಲ ನಿಜವಾಗಿಯೂ ಏನಾದರೂ ಆಗುತ್ತಿದ್ದರೆ? ನಾನು ಬಾಯಿ ಮುಚ್ಚಿಕೊಂಡು ನೋಡುತ್ತಾ ಕೂತಿದ್ದರೆ? ಕೈ ಹುಟ್ಟಿನಿಂದ ಮೇಲೆ ಏಳಲು ಹೊರಟಿತು. ಅವಳು ಕರೆದಿಲ್ಲ, ಕರೆದಿಲ್ಲ ಎಂದು ಹುಟ್ಟು ಹಾಕುವ ತಾಳಕ್ಕೆ ಒಳಗೇ ಹೇಳಿಕೊಂಡೆ. ಮುಂದೆ ಎಷ್ಟು ಎಣಿಸಿದೆನೋ ನೆನಪಿಲ್ಲ. ಬಂಡೆಯ ಪಾಚಿ ನನಗೂ ಕಾಣಿಸಿತು.

ಅವಳು ಕೈ ಚಾಚಿ ಬಂಡೆಯನ್ನು ಮುಟ್ಟಿದಳು. ಕಿರುಚಲಿಲ್ಲ, ಮೇಲೆ ಹತ್ತಲೂ ಇಲ್ಲ. ಎರಡೂ ಅಂಗೈ ಅದರ ಮೇಲಿಟ್ಟು, ಹಣೆ ತಾಗಿಸಿ, ಸ್ವಲ್ಪ ಹೊತ್ತು ಹಾಗೇ ಇದ್ದಳು. ನಾನು ದೂರದಲ್ಲೇ ಬೋಟು ನಿಲ್ಲಿಸಿಕೊಂಡಿದ್ದೆ. ಆಮೇಲೆ ಈಜುಗನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿ, ಬನ್ನಿ ಎಂದು ಕೈ ಮಾಡಿದಳು. ಬೋಟನ್ನು ಹತ್ತಿರ ತಂದೆ. ನಾನು ಬಾಯಿ ತೆರೆಯಬಹುದೋ ಇಲ್ಲವೋ ಎಂದು ಕಾಯುತ್ತಿದ್ದೆ. ಅವಳು ಏದುಸಿರು ಬಿಡುತ್ತಾ ಹೇಳಿದ ಮೊದಲ ಮಾತು ಇದು:

"ರೀ, ನಿಮ್ಮ ಜಾಕೆಟ್ಟಿನ ಕೆಳಗಿನ ಬಕಲ್ ಹಾಕಿಲ್ಲ. ಅಲ್ಲಿಂದ ನೋಡ್ಕೊಂಡ್ ಬರ್ತಾ ಇದೀನಿ."

ನೋಡಿಕೊಂಡೆ. ನಿಜ. ಫ್ಲಾಸ್ಕು ಅಡ್ಡವಾಗಿ ಬಕಲ್ ಕೂಡಿರಲಿಲ್ಲ.

"ಎಲ್ಲಿಂದ?"

"ದಡದಿಂದ. ಉಸಿರು ತಗೊಂಡಾಗೆಲ್ಲ ನೋಡ್ತಾ ಇದ್ದೆ. ಅಲೆ ಬಂದ್ರೆ ನೀವು ಕಾಣಲ್ಲ, ತಲೆ ಇನ್ನೂ ಮೇಲೆ ಎತ್ತಬೇಕು."

"ಜುಲೈನಲ್ಲೂ ಅದಕ್ಕೇನಾ ಎತ್ತಿದ್ದು?"

"ಮತ್ತಿನ್ಯಾಕೆ? ಈಜು ಬರದವರನ್ನ ಇಷ್ಟು ನೀರಿನ ಮಧ್ಯ ಕರ್ಕೊಂಡು ಬಂದಿದೀನಿ, ನೋಡದೆ ಇರ್ತೀನಾ? ಅವತ್ತು ಕೈ ಬೀಸಿದಾಗ ಮುಳುಗ್ತಾ ಇದೀರ ಅಂತಾನೇ ವಾಪಸ್ ಬಂದೆ."

ಅವಳಿಗೆ ಉಸಿರು ಸಾಲುತ್ತಿಲ್ಲವೆಂದು ನಾನು ಹೆದರಿದ್ದೆ. ಅವಳು ತಲೆ ಎತ್ತಿದ್ದು ನನ್ನ ಮೇಲಿನ ಹೆದರಿಕೆಗೆ. ಮನೆಯ ಚಿಂತೆಯೆಲ್ಲ ನನ್ನೊಬ್ಬನ ಹೆಗಲ ಮೇಲಿದೆ ಎಂದುಕೊಂಡೇ ನಾನು ಇಷ್ಟು ವರ್ಷ ಬದುಕಿದ್ದೆ. ಬಾಯಲ್ಲಿ ಲವಂಗದ ಚೂರು ಇನ್ನೂ ಇತ್ತು. ಫ್ಲಾಸ್ಕು ಹೊರಗೆ ತೆಗೆದು, ಕಷಾಯವನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟೆ. ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯಲ್ಲಿ ಕುಡಿದಳು. "ಉಪ್ಪು ಹಾಕಿಲ್ಲ," ಅಂದಳು. ಮುಚ್ಚಳ ವಾಪಸು ಕೊಟ್ಟಳು. ಆದರೆ ಹೊರಡಲಿಲ್ಲ. ಕನ್ನಡಕ ಕಣ್ಣಿಗೆ ಇಳಿಸಿಕೊಂಡು, ನನ್ನ ಹೊಟ್ಟೆಯ ಕಡೆಗೇ ನೋಡುತ್ತಾ ಬಂಡೆ ಹಿಡಿದೇ ಇದ್ದಳು.

ಬಕಲ್ ಹಾಕಿದೆ. ಟಕ್ ಎಂದು ಸದ್ದಾಯಿತು. ಅದು ಕೇಳಿಸಿದ ಮೇಲೇ ಅವಳು ಬಂಡೆಯನ್ನು ಬಿಟ್ಟು ದಡದ ಕಡೆ ತಿರುಗಿದಳು.